ಎರಡು ಗೇಣು, ಒಂದು ಬೆರಳು

ನಮ್ಮ ಹೈಸ್ಕೂಲಿನ ಹೊಲಿಗೆ ಮೇಡಂ ಯಾರನ್ನೂ ಮುಖ ನೋಡಿ ನೆನಪಿಟ್ಟುಕೊಳ್ಳುತ್ತಿರಲಿಲ್ಲ, ಭುಜ ನೋಡಿ ನೆನಪಿಟ್ಟುಕೊಳ್ಳುತ್ತಿದ್ದರು. ಒಮ್ಮೆ ಮೇಲಿನ ಅಧಿಕಾರಿಯೊಬ್ಬರು ತಪಾಸಣೆಗೆ ಬಂದಿದ್ದರು. ಸಿಡುಕ ಎಂದು ತಾಲ್ಲೂಕಿಗೆಲ್ಲ ಹೆಸರಾದವರು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ರಿಜಿಸ್ಟರುಗಳನ್ನು ತಿದ್ದುತ್ತ ಬೆವರುತ್ತಿದ್ದರೆ ಇವರು ಕಿಟಕಿಯಿಂದ ಆ ಮನುಷ್ಯ ಜೀಪಿನಿಂದ ಇಳಿಯುವುದನ್ನು ನೋಡಿ, "ಯಾಕ್ ಎದುರ್ಕತೀರಿ ಬುಡ್ರಮ್ಮಿ. ಎಡಗಡೆ ಭುಜ ಒಂದು ಬೆರಳು ಇಳ್ಕಂಡದೆ. ಚಿಕ್ಕಂದ್ರಲ್ಲಿ ಹೊರೆ ಹೊತ್ತವ್ನೆ. ಅಂತೋರು ಬಾಯಲ್ಲಿ ಬೈತಾರೆ, ಕೈಲಿ ಬರೆಯಾಕಿಲ್ಲ" ಎಂದರು. ಆ ಮನುಷ್ಯ ಬಾಯ್ತುಂಬ ಬೈದು, ವರದಿಯಲ್ಲಿ ಒಂದೇ ಒಂದು ಕೆಟ್ಟ ಮಾತು ಬರೆಯದೆ ಹೋದರು.

ಹೊಲಿಗೆ ಮೇಡಂ ಈ ಆಷಾಢದಲ್ಲಿ ತೀರಿಕೊಂಡರು. ನನಗೆ ಸುದ್ದಿ ಗೊತ್ತಾಗಿದ್ದು ಐದು ದಿನ ಕಳೆದ ಮೇಲೆ. ಗೊತ್ತಾದ ಮೇಲೂ ನಾನು ಹೋಗಲಿಲ್ಲ. ಹೆಸರು ಹೇಳಿ ಬರೆಯುವ ಧೈರ್ಯ ಇವತ್ತಿಗೂ ನನಗಿಲ್ಲ, ಆದ್ದರಿಂದ ಶಾಲೆಯಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಹೊಲಿಗೆ ಮೇಡಂ ಎಂದೇ ಬರೆಯುತ್ತೇನೆ. ನಾನು ಮಾತ್ರ ಅವರನ್ನು ಅಕ್ಕ ಅನ್ನುತ್ತಿದ್ದೆ.

ಬೆಸಗರಹಳ್ಳಿ ಕಡೆಯ ಆ ಶಾಲೆಗೆ ಅವರು ವರ್ಗವಾಗಿ ಬಂದಾಗ ನಾನು ಅಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಅದಕ್ಕೂ ಮೊದಲು ಕೊತ್ತತ್ತಿ ಕಡೆ ಇದ್ದರಂತೆ, ಗಂಡ ಹೋಗಿಬಿಟ್ಟಿದ್ದಾರಂತೆ, ಮಳವಳ್ಳಿಯಲ್ಲಿ ಒಬ್ಬಳು ತಂಗಿ ಇದ್ದಾಳಂತೆ. ಇಷ್ಟು ಬಿಟ್ಟರೆ ಯಾರಿಗೂ ಏನೂ ತಿಳಿಯದು. ಮದ್ದೂರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಒಂದು ರೂಮು ಹಿಡಿದರು. ಬಂದ ವಾರವೇ ನನ್ನ ಮಗಳು ಸಿಂಚನಳನ್ನು ನೋಡಿ, "ಯಾವ ತಿಂಗಳಲ್ಲಿ ಹುಟ್ಟಿದ್ದಮ್ಮಿ ಇವ್ಳು?" ಎಂದು ಕೇಳಿದರು. ಹೇಳಿದೆ. "ಏಳು ತುಂಬ್ತು ಅನ್ನು" ಎಂದು ಅವಳ ಬೆನ್ನ ಮೇಲೆ ಒಂದು ಕೈ ಇಟ್ಟರು. ಹೆಬ್ಬೆರಳು ಒಂದು ಭುಜದಲ್ಲಿ, ಕಿರುಬೆರಳು ಬೆನ್ನ ನಡುವೆ. ಆಮೇಲೆ ಮತ್ತೆ ಅರ್ಧ ಗೇಣು. ನಾನು ನಕ್ಕೆ. ಟೇಪು ಕಳೆದುಹೋಗಿದೆಯಾ ಅಕ್ಕ ಅಂದೆ. "ಟೇಪು ಬಟ್ಟೆ ಅಳೀತದೆ ಕಣಮ್ಮಿ. ಮಗೀನ ಕೈಲೇ ಅಳೀಬೇಕು" ಅಂದರು.

ಪಾಠ ಮಾಡುವಾಗ ಅವರು ಬಲು ಬಿಗಿ. ಅಂಚು ಮಡಿಚಿ ಹೊಲಿಯುವುದನ್ನು ಕಲಿಸುವಾಗ ಪ್ರತಿ ಹುಡುಗಿಯೂ ಕೊನೆಯಲ್ಲಿ ತನ್ನದೇ ಒಂದು ಗುರುತು ಹಾಕಬೇಕು ಎಂದು ಹಟ ಹಿಡಿಯುತ್ತಿದ್ದರು. ಒಬ್ಬಳು ಪುಟ್ಟ ಗಂಟು, ಇನ್ನೊಬ್ಬಳು ಒಂದು ಓರೆ ಹೊಲಿಗೆ. ಅವರದು ಮೂರು ಕೆಂಪು ಹೊಲಿಗೆ, ಒಳಮಗ್ಗುಲಲ್ಲಿ, ಹತ್ತಿರ ಹತ್ತಿರ. ಬಟ್ಟೆ ಯಾವ ಬಣ್ಣದ್ದಾದರೂ ಆ ಮೂರು ಮಾತ್ರ ಕೆಂಪೇ. "ನೂರು ಲಂಗದ ನಡುವೆ ಎಸುದ್ರೂ ಇದು ನಂದು ಅಂತ ನಿಂಗೆ ಗೊತ್ತಾಗ್ಬೇಕು" ಎನ್ನುವುದು ಅವರ ಮಾತು. ಎಷ್ಟು ಸಲ ಹೇಳಿದರೂ ಅದೇ ಗಂಭೀರ ಮುಖದಲ್ಲಿ ಹೇಳುತ್ತಿದ್ದರು. ಹುಡುಗಿಯರು ಬೆನ್ನ ಹಿಂದೆ ಅವರ ಹಾಗೆಯೇ ಹೇಳಿ ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ಇಂಥವರು ಪ್ರತಿ ವರ್ಷ ಒಂದೇ ತಪ್ಪನ್ನು ಮಾಡುತ್ತಿದ್ದರು. ಗಣೇಶನ ಹಬ್ಬ ಕಳೆದು ಪಿತೃಪಕ್ಷ ಇನ್ನೇನು ಬಂತು ಎನ್ನುವಾಗ ಮನೆಗೆ ಬಂದು, "ಒಸಿ ಮಗಳ್ನ ಕಳ್ಸಮ್ಮಿ, ಮಂಡ್ಯಕ್ಕೆ ಓಗ್ಬುಟ್ಟು ಬತ್ತೀವಿ. ನಮ್ ತಂಗಿ ಮಗಳೂ ಇವ್ಳ ವಾರಿಗೇನೆ, ಅವ್ಳಿಗೊಂದು ಬಟ್ಟೆ ತರ್ಬೇಕು" ಅನ್ನುತ್ತಿದ್ದರು. ಮಂಡ್ಯದ ಪೇಟೆಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ಸಿಂಚನಳನ್ನು ನಡೆಸಿ, ಬೆನ್ನಿಗೆ ಬಟ್ಟೆ ಹಿಡಿದು ನೋಡುವರು. ಹಾಕಿಕೊಂಡು ನೋಡಲು ಮಾತ್ರ ಬಿಡುವುದಿಲ್ಲ. "ಹಾಕ್ಕೋಬ್ಯಾಡ ಕಣವ್ವ, ಸುಮ್ನೆ ಮೈಗೆ ಇಟ್ಕೊ." ಯಾವಾಗಲೂ ರೆಡಿಮೇಡೇ. ಹೊಲಿಗೆ ಕಲಿಸುವವರು ಅಂಗಡಿಯಲ್ಲಿ ಹೊಲಿದ ಬಟ್ಟೆ ಕೊಳ್ಳುವುದು ಏನು ಚೆಂದ ಎಂದು ನಾನು ರೇಗಿಸಿದರೆ, ಕೇಳಿಸದವರ ಹಾಗೆ ಇರುತ್ತಿದ್ದರು.

ಪಕ್ಷದ ಹಬ್ಬ ಕಳೆದು ವಾರಕ್ಕೆ ಅದೇ ಬಟ್ಟೆ ನಮ್ಮ ಮನೆಗೆ ಬರುತ್ತಿತ್ತು. "ಸೈಜಾಗ್ನಿಲ್ಲ ಕಣಮ್ಮಿ ಅವ್ಳಿಗೆ. ನಿನ್ ಮಗಳಾದ್ರೂ ಹಾಕ್ಕೊಳ್ಳಿ."

"ಇಡೀ ಸ್ಕೂಲಿನ ಅಳತೆ ಕಣ್ಣಲ್ಲೇ ಹೇಳ್ತೀರಿ, ಸ್ವಂತ ತಂಗಿ ಮಗಳದು ಮಾತ್ರ ವರ್ಷಾ ವರ್ಷಾ ತಪ್ಪುತ್ತಾ ಅಕ್ಕಾ?" ಎಂದು ನಾನು ನಗುತ್ತಿದ್ದೆ.

"ದೂರದಲ್ಲವ್ಳೆ. ದೂರದೋರ ಅಳ್ತೆ ಸಿಕ್ಕಾಕಿಲ್ಲ" ಎನ್ನುವರು.

ಮೊದಲ ವರ್ಷ ಬಂದದ್ದು ಒಂದು ಹಳದಿ ಫ್ರಾಕು. ಸಿಂಚನಾ ಅದನ್ನು ಮೈಮೇಲಿಂದ ತೆಗೆಯಲೇ ಒಪ್ಪದೆ ಎರಡು ದಿನ ಅದರಲ್ಲೇ ಮಲಗಿದ್ದಳು. ಅದನ್ನು ಹಾಕಿಕೊಂಡು ಅವರ ರೂಮಿಗೆ ಓಡಿಹೋಗಿ ತೋರಿಸಿದಾಗ ಅವರು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು, "ಸೇರ್ತು, ಸೇರ್ತು" ಅಂದರಂತೆ. ಏನು ಸೇರಿತು ಎಂದು ಮಗಳು ಬಂದು ನನ್ನನ್ನು ಕೇಳಿದಳು. ಸೈಜು ಸರಿಹೋಯಿತು ಅಂತ ಇರಬೇಕು ಅಂದೆ. ಒಂಬತ್ತು ವರ್ಷ ಹೀಗೆಯೇ ನಡೆಯಿತು.

ಹತ್ತನೆಯ ವರ್ಷ, ಗಣೇಶನ ಹಬ್ಬ ಕಳೆದ ಒಂದು ಭಾನುವಾರ, ನಮ್ಮ ಸ್ಟಾಫಿನವರೆಲ್ಲ ಸೇರಿ ಒಂದು ಟಿಟಿ ಗಾಡಿ ಮಾಡಿಕೊಂಡು ಬೆಂಗಳೂರಿನ ಹೊರಗೆ ಹೈವೇ ಪಕ್ಕದಲ್ಲಿರುವ ಔಟ್‌ಲೆಟ್ ಮಾಲಿಗೆ ಹೋದೆವು. ದೊಡ್ಡ ದೊಡ್ಡ ಕಂಪನಿಗಳ ಬಟ್ಟೆ ಅಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎಂದು ನಮ್ಮ ಕ್ಲರ್ಕು ತಿಂಗಳಿಂದ ತಲೆ ತಿಂದಿದ್ದ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೊರಟೆವು. ಸಿಂಚನಾ ಆಗ ಮೊದಲನೇ ಪಿಯುಸಿ. ಬರುವುದಿಲ್ಲ ಅಂದಿದ್ದವಳು ಮಾಲ್ ಎಂದ ಕೂಡಲೇ ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕೂತಿದ್ದಳು.

ಹೊಲಿಗೆ ಮೇಡಂ ಆ ದಿನ ನನಗೆ ಕಂಡಷ್ಟು ಖುಷಿಯಾಗಿ ಹಿಂದೆಂದೂ ಕಂಡಿರಲಿಲ್ಲ. ದೊಡ್ಡ ಗಾಜಿನ ಬಾಗಿಲು, ತಣ್ಣನೆ ಗಾಳಿ, ಸಾಲು ಸಾಲು ಅಂಗಡಿ. ಇಷ್ಟೆಲ್ಲ ಇದ್ದರೂ ಅವರ ಕಣ್ಣು ಹೋಗಿದ್ದು ಬಟ್ಟೆಗಳ ಒಳಮಗ್ಗುಲಿಗೆ. ಒಂದೊಂದನ್ನೂ ತಿರುಗಿಸಿ, ಹೊಲಿಗೆ ಮೇಲೆ ಉಗುರು ಓಡಿಸಿ, "ಅರ್ಧ ಬೆಲೆ ಯಾಕೆ ಅಂತ ಈಗ ತಿಳೀತು. ಇಲ್ನೋಡು, ಕಂಕುಳತ್ರ ಒಂದು ಹೊಲ್ಗೆ ಎಗರೋಗದೆ. ಇದ್ಕೆ ಗುಂಡಿ ಒಂದು ದಾರ ಆಚೆ. ಈ ಹೆಣ್ಮಗಳು ಹೊಲೀವಾಗ ನಿದ್ದೆಗಣ್ಣು" ಎಂದು ಕಾಣದ ಯಾವುದೋ ಊರಿನ ಕಾರ್ಖಾನೆಯ ಹೆಂಗಸನ್ನು ಬೈದರು. ಕೂಡಲೇ "ಪಾಪ, ಮನೇಲಿ ಮಗೀಗೆ ಉಸಾರಿರ್ನಿಲ್ವೇನೋ" ಎಂದೂ ಸೇರಿಸಿದರು. ಅಂಗಡಿಯ ಹುಡುಗಿಯರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ತಾವೇ ಒಂದೊಂದು ಬಟ್ಟೆ ತಂದು ಇದರಲ್ಲಿ ಏನು ಊನ ಹೇಳಿ ಆಂಟಿ ಎಂದು ಪರೀಕ್ಷೆ ಮಾಡತೊಡಗಿದರು.

ಅಲ್ಲೇ ಒಂದು ಗಾಢ ಹಸಿರು ಬಣ್ಣದ ಕುರ್ತಾ ಅವರಿಗೆ ಸಿಕ್ಕಿತು. ಊನವೇ ಇಲ್ಲದ್ದು. ಎರಡು ಸಲ ತಿರುಗಿಸಿ ನೋಡಿದರು. ಸಿಂಚನಳ ಬೆನ್ನಿಗೆ ಹಿಡಿದು ಗೇಣು ಹಾಕಿದರು, ಎರಡು ಗೇಣು ಸರಿಯಾಗಿ. "ಇಟ್ಕಂಡಿರವ್ವ, ಇದ್ಕೆ ಹೊಂದೋ ದುಪಟ್ಟ ಹುಡುಕ್ತೀನಿ, ಹಾಕ್ಕೋಬ್ಯಾಡ ಮತ್ತೆ" ಎಂದು ಪಕ್ಕದ ಸಾಲಿಗೆ ಹೋದರು.

ಹದಿನಾರರ ಹುಡುಗಿ, ಎದುರಿಗೆ ಟ್ರಯಲ್ ರೂಮು, ಮೂರು ಕಡೆ ಕನ್ನಡಿ, ಮೇಲೆ ಹಳದಿ ದೀಪ. ಸುಮ್ಮನೆ ಇರುತ್ತಾಳೆಯೇ? ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಹೋಗು, ಬೇಗ ಬಾ ಎಂದು ನಾನೇ ಕಳಿಸಿದೆ. ನನಗೆ ಆ ಮುದುಕಿಯ ಶಾಸ್ತ್ರ ಒಂಬತ್ತು ವರ್ಷದಿಂದ ತಮಾಷೆಯಾಗಿ ಕಂಡಿತ್ತು.

ಸಿಂಚನಾ ಕುರ್ತಾ ಹಾಕಿಕೊಂಡು ಹೊರಗೆ ಬಂದು, ಹಿಂದೆ ಹೇಗೆ ಕಾಣುತ್ತದೆ ನೋಡಲು ಕನ್ನಡಿಗೆ ಓರೆಯಾಗಿ, ಕತ್ತು ಆ ಕಡೆ ತಿರುಗಿಸಿ ನಿಂತಳು. ಅದೇ ಹೊತ್ತಿಗೆ ಹೊಲಿಗೆ ಮೇಡಂ ಸಾಲಿನ ಕೊನೆಯಿಂದ ಬಂದರು. ಅವರಿಗೆ ಕಂಡದ್ದು ಬೆನ್ನು, ಭುಜ, ಕನ್ನಡಿಯೊಳಗೆ ಮತ್ತೆ ಅದೇ ಭುಜ. ಕೈಯಲ್ಲಿದ್ದ ದುಪಟ್ಟ ನೆಲಕ್ಕೆ ಬಿತ್ತು.

"ಬಂದ್ಯಾ ಕೂಸೇ?" ಎಂದರು.

ಆ ದನಿಯನ್ನು ನಾನು ಅವರ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ. ಸಿಂಚನಾ ತಿರುಗಿದಳು. ಅವಳ ಮುಖ ನೋಡಿದ ಕೂಡಲೇ ಅವರು ಇದ್ದಲ್ಲೇ ಕುಸಿದು ಕೂತರು. "ಬಿಚ್ಚವ್ವ, ಬಿಚ್ಬುಡು. ಎಡೆಗೆ ಇಡೋದು ಅದು. ಇಡೋಕಿಂತ ಮುಂಚೆ ಮೈಗೆ ಹಾಕ್ಬಾರ್ದು" ಎಂದು ಕೈ ಮುಗಿಯುವವರ ಹಾಗೆ ಹೇಳಿದರು.

ನಮ್ಮ ಕಡೆಯ ಪದ್ಧತಿ ತಿಳಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಪಿತೃಪಕ್ಷದಲ್ಲಿ ನಾವು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾಗಿದ್ದ ಅಡುಗೆಯ ಜೊತೆಗೆ ಅವರ ಹೆಸರಿನಲ್ಲಿ ಹೊಸ ಬಟ್ಟೆ. ಅದು ಯಾರ ಮೈಗೂ ಮುಟ್ಟಿರಬಾರದು. ಪೂಜೆಯಾದ ಮೇಲೆ ಮನೆಯವರು ಯಾರಾದರೂ ಅದನ್ನು ಉಡಲೇಬೇಕು. ಉಟ್ಟರೆ ಮಾತ್ರ ಅದು ಸತ್ತವರಿಗೆ ಸೇರುತ್ತದೆ. ಚಿಕ್ಕ ಮಕ್ಕಳಿಗೆ ಯಾರೂ ಎಡೆ ಇಡುವುದಿಲ್ಲ, ಅದು ಹಿರಿಯರಿಗೆ ಮಾತ್ರ.

ಹೊರಗೆ ಗಾಡಿ ನಿಲ್ಲಿಸುವ ಜಾಗದ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಅವರು ಎಲ್ಲವನ್ನೂ ಹೇಳಿದರು. ತಂಗಿಗೆ ಹೆಣ್ಣು ಮಗುವೇ ಇಲ್ಲ, ಇಬ್ಬರೂ ಗಂಡು. ಮಗಳಿದ್ದದ್ದು ಇವರಿಗೇ. ಕೊತ್ತತ್ತಿ ಕಡೆ ಇದ್ದಾಗ, ಆರು ದಾಟಿ ಏಳಕ್ಕೆ ಬಿದ್ದ ಮಗು. ಅಂಗಡಿಯ ಹಳದಿ ಫ್ರಾಕು ಬೇಕು ಎಂದು ಹಟ ಹಿಡಿದಿತ್ತಂತೆ. ಹೊಲಿಗೆಯವಳ ಮಗಳು ರೆಡಿಮೇಡು ಹಾಕಿದರೆ ಜನ ನಗುತ್ತಾರೆ ಎಂದು ಇವರು ತಮ್ಮ ಕೈಯಾರೆ ಒಂದು ಲಂಗ ಹೊಲಿದು ಹಾಕಿದ್ದರು. ಮೂರನೆಯ ದಿನ ಮಗು ನಾಲೆಗೆ ಬಿತ್ತು. ಸಿಕ್ಕಿದ್ದು ಎರಡು ದಿನದ ಮೇಲೆ, ಕೆಳಗಿನ ತೂಬಿನಲ್ಲಿ.

"ಮುಖ ನೋಡಿ ಗುರ್ತು ಸಿಕ್ನಿಲ್ಲ ಕಣಮ್ಮಿ. ಲಂಗದಂಚು ತಿರುಗ್ಸಿ ನೋಡ್ದೆ. ಮೂರು ಕೆಂಪು ಹೊಲ್ಗೆ ಇತ್ತು." ಬೆರಳಿಂದ ಸೆರಗಿನ ಅಂಚು ಸವರುತ್ತ, "ಅವತ್ತಿಂದ ಅವ್ಳಿಗೆ ನಾನು ಹೊಲೀನಿಲ್ಲ. ಅವ್ಳು ಕೇಳಿದ್ದು ಅಂಗ್ಡೀದೇ ತಾನೆ. ವರ್ಷ ವರ್ಷ ಬೆಳೀತಾಳೆ, ಎಷ್ಟು ಬೆಳುದ್ಲು ಅಂತ ನಂಗೆ ಎಂಗೆ ಗೊತ್ತಾಗ್ಬೇಕು? ನಿನ್ ಮಗಳು ಅವ್ಳ ವಾರಿಗೆ, ಒಂದೇ ತಿಂಗ್ಳು. ಉಡಾಕೆ ನನ್ ಮನೇಲಿ ಯಾರವ್ರೆ? ಇವ್ಳು ಉಟ್ರೆ ಅವ್ಳಿಗೆ ಸೇರ್ತದೆ ಅಂತ" ಎಂದರು.

ಒಳ್ಳೆಯವಳಾಗಿದ್ದರೆ ನಾನು ಆಗ ಅವರ ಕೈ ಹಿಡಿಯುತ್ತಿದ್ದೆ. ನನಗೆ ಆ ಕ್ಷಣ ಕಂಡದ್ದು ಒಂದೇ: ಒಂಬತ್ತು ವರ್ಷ ನನ್ನ ಮಗಳು ನೀರಿನಲ್ಲಿ ಸತ್ತ ಹುಡುಗಿಯ ಬಟ್ಟೆ ಉಟ್ಟು ನನ್ನ ಮನೆಯಲ್ಲಿ ಓಡಾಡಿದ್ದಾಳೆ, ಅದರಲ್ಲೇ ನನ್ನ ಪಕ್ಕ ಮಲಗಿದ್ದಾಳೆ.

"ನಿಮ್ಮ ಸತ್ತ ಮಗಳಿಗೆ ಅಳತೆ ಕೊಡೋಕೆ ನಾನು ಮಗಳನ್ನ ಹೆತ್ತಿಲ್ಲ. ಇನ್ನೊಂದು ಸಲ ಅವಳ ಮೈ ಮುಟ್ಟಿದ್ರೆ ಚೆನ್ನಾಗಿರಲ್ಲ" ಅಂದೆ. ಅಕ್ಕ ಎನ್ನುವ ಮಾತನ್ನೂ ನುಂಗಿದೆ.

ಅವರು ತಲೆ ಆಡಿಸಿದರು. ಎದ್ದು ಒಳಗೆ ಹೋಗಿ, ಸಿಂಚನಾ ಹಾಕಿದ್ದ ಕುರ್ತಾ ಅಲ್ಲೇ ಬಿಟ್ಟು, ಅದೇ ಬಣ್ಣದ ಇನ್ನೊಂದನ್ನು ತೆಗೆದುಕೊಂಡು ಬಂದರು. ವಾಪಸು ಬರುವಾಗ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಮದ್ದೂರು ಬರುವ ತನಕ ಹಿಂತಿರುಗಿ ನೋಡಲಿಲ್ಲ. ಉಳಿದವರು ಅಂತ್ಯಾಕ್ಷರಿ ಆಡುತ್ತಿದ್ದರು.

ಮಾರನೆಯ ದಿನ ಸಿಂಚನಳಿಗೆ ಜ್ವರ ಬಂತು. ಊರಲ್ಲೆಲ್ಲ ಇದೆ, ವೈರಲ್ಲು, ಮೂರು ದಿನಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದರು. ವೈರಸ್ಸಿನ ಪಾಠವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಮಾಡುವವಳು ನಾನು. ಆದರೂ ಮೂರನೆಯ ದಿನ ಬೆಳಿಗ್ಗೆ, ಜ್ವರ ಇಳಿಯುತ್ತಿದ್ದಾಗಲೇ, ಬೀರುವಿನಲ್ಲಿದ್ದ ಅವರು ಕೊಟ್ಟ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿದೆ. ನೆನಪಿಗೆಂದು ಎತ್ತಿಟ್ಟಿದ್ದ ಹಳದಿ ಫ್ರಾಕನ್ನೂ ಸೇರಿಸಿದೆ. ಕೇಡು ಅನ್ನಿಸಿದ್ದನ್ನು ಹರಿಯುವ ನೀರಿಗೆ ಬಿಡುವುದು ನಮ್ಮ ಕಡೆಯ ರೂಢಿ. ಶಾಲೆಗೆ ಹೋಗುವ ದಾರಿಯಲ್ಲಿ ನಾಲೆಯ ಸೇತುವೆ ಮೇಲೆ ಸ್ಕೂಟಿ ನಿಲ್ಲಿಸಿ ಗಂಟನ್ನು ನೀರಿಗೆ ಎಸೆದೆ. ಅದು ಬಿಚ್ಚಿಕೊಂಡು ಬಟ್ಟೆಗಳು ಬೇರೆ ಬೇರೆಯಾಗಿ ತೇಲಿಹೋದವು. ಆ ಮಗು ಸತ್ತದ್ದು ಹೇಗೆ ಎನ್ನುವುದು ಆ ಹೊತ್ತಿನಲ್ಲಿ ನನ್ನ ತಲೆಗೇ ಹೋಗಲಿಲ್ಲ. ಇವತ್ತಿಗೂ ಇದನ್ನು ಯಾರೂ ನಂಬುವುದಿಲ್ಲ, ನಾನೇ ನಂಬುವುದಿಲ್ಲ.

ಮಧ್ಯಾಹ್ನ ಊಟದ ಬೆಲ್ಲಾದ ಮೇಲೆ ಇಬ್ಬರು ಹುಡುಗಿಯರು ಓಡಿ ಬಂದು, "ಮಿಸ್, ನಾಲೆ ತೂಬಿನತ್ರ ಯಾವ್ದೋ ಮಗೀದು ಫ್ರಾಕು ಸಿಕ್ಕಾಕ್ಕೊಂಡದೆ, ಜನ ಸೇರವ್ರೆ" ಅಂದರು. ಹೊಲಿಗೆ ಮೇಡಂ ತಟ್ಟೆಯ ಮುಂದಿನಿಂದ ಎದ್ದರು. ಕೈಯನ್ನೂ ತೊಳೆಯಲಿಲ್ಲ. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಹಿಂದೆ ಓಡಿದೆ.

ತೂಬಿನ ಕಂಬಿಗೆ ಜೊಂಡು, ಕಸ, ಅದರ ನಡುವೆ ಹಳದಿ. ನಾಲ್ಕು ಜನ ಗಂಡಸರು ಕೋಲು ಹಿಡಿದು ನಿಂತು ಪೊಲೀಸರಿಗೆ ಫೋನು ಮಾಡಬೇಕೋ ಬೇಡವೋ ಎಂದು ಚರ್ಚೆ ಮಾಡುತ್ತಿದ್ದರು. ಹೊಲಿಗೆ ಮೇಡಂ ಯಾರನ್ನೂ ಕೇಳದೆ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿಗೆ ಹೋಗಿ, ಫ್ರಾಕನ್ನು ಎರಡೂ ಕೈಯಲ್ಲಿ ಎತ್ತಿದರು. ಅಂಚು ಕಂಬಿಗೆ ಸಿಕ್ಕಿ ಪರ್‍ರನೆ ಹರಿಯಿತು. ಫ್ರಾಕಿನ ಒಳಗೆ ಕೈ ಹಾಕಿ ನೋಡಿದರು. ಆಮೇಲೆ ತಿರುಗಿಸಿ ನೋಡಿದರು. ಅಂಗಡಿಯ ಹೊಲಿಗೆ. ಆಗ ತಲೆಯೆತ್ತಿ ದಡದ ಮೇಲಿದ್ದ ನನ್ನನ್ನು ನೋಡಿದರು.

"ನಿಂದಾ?" ಎಂದರು.

ಹೂಂ ಅಂದೆ.

"ಸದ್ಯ, ಒಳಗೆ ಯಾರೂ ಇಲ್ವಲ್ಲ ಬುಡು" ಎಂದು ಅದನ್ನು ಅದೇ ನೀರಿನಲ್ಲಿ ಜಾಲಿಸಿ, ಹಿಂಡಿ, ಸೆರಗಿನೊಳಗೆ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. ನನ್ನ ಪಕ್ಕದಲ್ಲೇ ಹೋದರು. ಅವರ ಸೀರೆಯ ನೀರು ನನ್ನ ಪಾದದ ಮೇಲೆ ತೊಟ್ಟಿಕ್ಕಿತು. ನನಗೆ ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಆಮೇಲೆ ಬರಬಹುದು ಎಂದುಕೊಂಡೆ.

ಬರಲಿಲ್ಲ. ಅವರು ನನ್ನ ಮೇಲೆ ಸಿಟ್ಟು ಮಾಡಿದ್ದರೆ ಬರುತ್ತಿತ್ತೇನೋ. ಬೆಳಿಗ್ಗೆ ಎಂದಿನ ಹಾಗೆ "ತಿಂಡಿ ಆಯ್ತೇನಮ್ಮಿ" ಎನ್ನುವರು. ನಾನು ಆಯ್ತು ಅನ್ನುವೆ. ನಮ್ಮ ಬೀದಿಗೆ ಕಾಲಿಡುವುದನ್ನು ಬಿಟ್ಟರು. ಮುಂದಿನ ವರ್ಷ ನಿವೃತ್ತರಾದಾಗ ಬೀಳ್ಕೊಡುಗೆಯ ಭಾಷಣವನ್ನು ನನ್ನ ತಲೆಗೇ ಕಟ್ಟಿದರು. ಶಿಸ್ತು, ಸಮಯಪ್ರಜ್ಞೆ ಎಂದು ಏನೇನೋ ಹೇಳಿ ಕೂತೆ. ಅವರು ಹಾರ ಹಾಕಿಸಿಕೊಂಡು, ನಾನು ಮಾತಾಡುವಷ್ಟು ಹೊತ್ತೂ ನನ್ನ ಭುಜವನ್ನೇ ನೋಡುತ್ತಿದ್ದರು. ಅಲ್ಲಿ ಅವರಿಗೆ ಏನು ಕಂಡಿತೋ. ಆ ತಿಂಗಳೇ ರೂಮು ಬಿಟ್ಟು ಮಳವಳ್ಳಿಗೆ, ತಂಗಿಯ ಮನೆಗೆ ಹೋದರು.

ಅವರು ತೀರಿಕೊಂಡ ಮುಂದಿನ ತಿಂಗಳು, ಶ್ರಾವಣ ಮುಗಿಯುವಾಗ, ಅವರ ತಂಗಿ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ನಮ್ಮ ಮನೆ ಹುಡುಕಿಕೊಂಡು ಬಂದರು. ಥೇಟ್ ಅಕ್ಕನದೇ ಭುಜ. ಈಗ ನಾನೂ ಭುಜ ನೋಡುತ್ತೇನೆ. ಕೈಯಲ್ಲಿ ಒಂದು ಬಟ್ಟೆಯ ಚೀಲ.

"ಇದು ನಿಮ್ ಮಗಳ್ಗೆ ಅಂತ ಹೇಳ್ಬುಟ್ಟು ಓದ್ಲು ನಮ್ಮಕ್ಕ. ನಾಲ್ಕು ವರ್ಷದ್ದು ಅದೆ. ಯಾರೂ ಉಟ್ಟಿಲ್ಲ. ವರ್ಷಾ ವರ್ಷಾ ಎಡೆ ಇಟ್ಬುಟ್ಟು ಕೂಸಿನ ಫೋಟೋ ಮುಂದೆ ಕೂತ್ಕಂಡು, ಈ ಸಲ ಮಡೀಕ್ಕಂಡಿರವ್ವ, ಮುಂದ್ಲ ಸಲ ಉಡೀವಂತೆ ಅನ್ನೋಳು."

ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ ಇದ್ದವು. ಮೇಲೆ ಆ ಹಸಿರು ಕುರ್ತಾ. ಎಲ್ಲಕ್ಕೂ ಕೆಳಗೆ ಪೇಪರಿನಲ್ಲಿ ಸುತ್ತಿದ ಹಳದಿ ಫ್ರಾಕು. ಒಗೆದು ಇಸ್ತ್ರಿ ಮಾಡಿತ್ತು. ಹರಿದ ಅಂಚನ್ನು ಕೈಯಲ್ಲಿ ಹೊಲಿದಿದ್ದರು, ಎಲ್ಲಿ ಹರಿದಿತ್ತು ಎಂದು ಹುಡುಕಬೇಕು ಹಾಗೆ. ನಾನು ಅದನ್ನು ತಿರುಗಿಸಿದೆ. ಒಳಮಗ್ಗುಲಲ್ಲಿ ಮೂರು ಕೆಂಪು ಹೊಲಿಗೆ.

ಇನ್ನು ತನ್ನ ಕೂಸಿಗೆ ಹೊಲಿಯುವುದಿಲ್ಲ ಎಂದು ನಿರ್ಧಾರ ಮಾಡಿದ್ದ ಹೆಂಗಸು, ನಾನು ನೀರಿಗೆ ಎಸೆದ ಬಟ್ಟೆಗೆ ಆ ಗುರುತು ಹಾಕಿ ನನ್ನ ಮಗಳಿಗೆ ಬಿಟ್ಟು ಹೋಗಿದ್ದರು. ಆ ತಂಗಿಯ ಎದುರಿಗೇ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ನಾನು ಗೊಳೋ ಎಂದು ಅತ್ತೆ.

ಸಂಜೆ ಸಿಂಚನಾ ಬಂದು ಚೀಲ ಬಿಚ್ಚಿದಳು. ಅವಳೀಗ ಮಂಡ್ಯದಲ್ಲಿ ಡಿಗ್ರಿ ಓದುತ್ತಾಳೆ, ಪಿಯುಸಿಯಿಂದಲೂ ಮದ್ದೂರಿನಿಂದ ದಿನಾ ರೈಲು. ಒಂದೊಂದೇ ಬಟ್ಟೆ ಮೈಗೆ ಹಿಡಿದು ನೋಡಿದಳು. ಪಿಯುಸಿ ದಿನಗಳ ಹಸಿರು ಕುರ್ತಾ ಒಂಚೂರು ಬಿಗಿ ಬರಬಹುದಿತ್ತು. ಉಳಿದ ಮೂರೂ ಆಯಾ ವರ್ಷದ ಅವಳ ಅಳತೆಗೆ ಸರಿಯಾಗಿ.

"ಮುಟ್ಟದೇ ಹೇಗೆ ಗೊತ್ತಾಯ್ತು ಅವರಿಗೆ?" ಎಂದೆ.

ಸಿಂಚನಾ ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿಟ್ಟಳು. "ಮುಟ್ತಿದ್ರು ಅಮ್ಮ. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಒಂದು ದಿನ ರೈಲಲ್ಲಿ ಬರ್ತಿದ್ರು. ರಶ್ಶಲ್ಲಿ ನನ್ ಹಿಂದೆ ಬಂದು ನಿಂತ್ಕೊಳ್ಳೋರು. ಬೆನ್ನ ಮೇಲೆ ಗೇಣು ಹಾಕೋರು. ಹನಕೆರೆ ಸ್ಟೇಷನ್ ಬಂದ ತಕ್ಷಣ ಇಳ್ಕೊಂಡು ಹೋಗ್ಬಿಡೋರು. ನನಗೆ ಗೊತ್ತಾಗಿಲ್ಲ ಅಂದ್ಕೊಂಡಿದ್ರು."

"ನೀನೇನು ಮಾಡ್ತಿದ್ದೆ?"

"ಅಲ್ಲಾಡದೆ ನಿಂತಿರ್ತಿದ್ದೆ" ಅಂದಳು.

ಆ ರಾತ್ರಿಯಿಂದ ನನಗೆ ಒಂದೇ ಚಿತ್ರ. ತುಂಬಿದ ರೈಲು, ಒಬ್ಬಳು ಮುದುಕಿಯ ಚಿಕ್ಕ ಕೈ, ಅದಕ್ಕೆ ಬೆನ್ನು ಕೊಟ್ಟು ಉಸಿರು ಹಿಡಿದು ನಿಂತ ನನ್ನ ಮಗಳು. ನಾನು ಹೊಡೆದು ಓಡಿಸಿದ್ದನ್ನು ಅವಳು ನನಗೆ ಹೇಳದೆ ಒಳಗೆ ಕರೆದುಕೊಂಡಿದ್ದಳು.

ಈ ವರ್ಷ ಹಬ್ಬಕ್ಕೆ ಮುಂಚೆ ಒಂದು ಭಾನುವಾರ ನಾವಿಬ್ಬರೂ ಅದೇ ಮಾಲಿಗೆ ಹೋದೆವು. ಅಂಗಡಿಗಳ ಹೆಸರು ಬದಲಾಗಿದ್ದವು, ಆ ಕಲ್ಲುಬೆಂಚು ಹಾಗೆಯೇ ಇತ್ತು. ಆ ಮಗುವಿಗೆ ಒಂದು ನೀಲಿ ಕುರ್ತಾ, ಮೇಡಂಗೆ ಒಂದು ಕಾಟನ್ ಸೀರೆ. ಸಿಂಚನಾ ಟ್ರಯಲ್ ರೂಮಿನ ಕಡೆ ಹೆಜ್ಜೆ ಹಾಕಿದ ಹಾಗೆ ಕಂಡಿತು. "ಹಾಕ್ಕೋಬೇಡ ಕಣೆ, ಸುಮ್ನೆ ಮೈಗೆ ಇಟ್ಕೊ" ಎಂದು ನನ್ನ ಬಾಯಿಂದ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಬಟ್ಟೆ ತಿರುಗಿಸಿ ಹೊಲಿಗೆ ನೋಡಿದೆ. ಕಂಕುಳ ಹತ್ತಿರ ಎಲ್ಲ ಸರಿಯಾಗಿತ್ತು.

ಮೊನ್ನೆ ಅಮಾವಾಸ್ಯೆಗೆ ನಮ್ಮ ಹಿರಿಯರ ಎಡೆಯ ಪಕ್ಕದಲ್ಲೇ ಅವರಿಬ್ಬರಿಗೂ ಎಡೆ ಇಟ್ಟೆವು. ನಮ್ಮ ಮನೆಯವರು ಇದು ಎಲ್ಲಿಯ ಸಂಬಂಧ ಎಂದು ಕೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ದೀಪಕ್ಕೆ ಎಣ್ಣೆ ಹಾಕಿದರು. ಹಳದಿ ಫ್ರಾಕನ್ನೂ ಮಡಿಚಿ ಇಟ್ಟಿದ್ದೆ. ಅದನ್ನು ಇನ್ನು ಉಡುವವರಿಲ್ಲ, ಒಮ್ಮೆ ಉಟ್ಟದ್ದು ಸಾಕು.

ಪೂಜೆ ಮುಗಿದ ಮೇಲೆ ಉಡಬೇಕಲ್ಲ. ಸಿಂಚನಾ ನೀಲಿ ಕುರ್ತಾ ಹಾಕಿಕೊಂಡಳು. ಅವರ ಸೀರೆಯನ್ನು ನಾನು ಉಟ್ಟೆ. ಒಗೆಯದ ಹೊಸ ಸೀರೆ ಮೈಗೆ ತಣ್ಣಗೆ, ಒದ್ದೆಯಾಗಿರುವ ಹಾಗೆ ತಾಗಿತು. ಅವತ್ತು ನನ್ನ ಪಾದದ ಮೇಲೆ ಬಿದ್ದ ನೀರು ನೆನಪಾಯಿತು. ಈಚೆಗೆ ಬಂದಾಗ ಸಿಂಚನಾ ನನಗೆ ಬೆನ್ನು ಮಾಡಿ, ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಅಲ್ಲಾಡದೆ ನಿಂತಿದ್ದಳು. ರೈಲಿನಲ್ಲಿ ನಿಲ್ಲುತ್ತಿದ್ದದ್ದು ಹೀಗೆಯೇ ಎಂದು ನನಗೆ ತಿಳಿಯಿತು.

"ಅಳತೆ ನೋಡ್ಕೋ ಅಮ್ಮ, ಮುಂದಿನ ವರ್ಷಕ್ಕೆ" ಅಂದಳು.

ಇಪ್ಪತ್ತು ವರ್ಷದ ಮಗಳ ಬೆನ್ನ ಮೇಲೆ ಮೊದಲ ಸಲ ಗೇಣು ಹಾಕಿದೆ. ನನ್ನ ಕೈಗೆ ಎರಡು ಗೇಣು, ಸರಿಯಾಗಿ.

"ಹೊಲಿಗೆ ಆಂಟಿ ಕೈಗೆ ಎರಡು ಗೇಣು, ಒಂದು ಬೆರಳು. ಹೋದ ವರ್ಷಾನೂ ಅಷ್ಟೇ, ಅದರ ಹಿಂದಿನ ವರ್ಷಾನೂ ಅಷ್ಟೇ ಇತ್ತು. ಇನ್ನು ಬೆಳೆಯಲ್ಲ ಅಮ್ಮ, ಇನ್ಮೇಲೆ ಇದೇ ಅಳತೆ."

ನಾನು ಕೈ ತೆಗೆಯಲಿಲ್ಲ. ನನ್ನ ಬಾಯಿಂದ "ಸೇರ್ತು, ಸೇರ್ತು" ಎಂದು ಬಂತು. ಹಾಗೆ ಅಂದವರು ಯಾರೋ, ನನಗೆ ಗೊತ್ತಾಗಲಿಲ್ಲ.